ಒಲಿದು ಬರೆದುದನ್ನು ಅಳುಕದೆ ನೀಡುವುದು

ಒಂದು ಒಳ್ಳೆಯ ಕಥೆಗೆ ಎರಡು ಕೊನೆಗಳುಂಟು. ಬರೆದವನು ಲೇಖನಿಯನ್ನು ಕೆಳಗಿಟ್ಟಾಗ ಬರುವುದು ಮೊದಲನೆಯದು. ಓದಿದವನ ಮನಸ್ಸು ಅದನ್ನು ಬಿಟ್ಟುಕೊಟ್ಟಾಗ ಬರುವುದು ಎರಡನೆಯದು. ಇವೆರಡರ ನಡುವಣ ಅಂತರ ಎಷ್ಟೋ ವೇಳೆ ಬಲು ದೀರ್ಘವಾದುದು. ಪುಸ್ತಕವನ್ನು ಮುಚ್ಚಿಟ್ಟ ಮೇಲೂ ಅದರ ಪಾತ್ರಗಳು ನಮ್ಮೊಡನೆ ನಡೆದು ಬರುತ್ತವೆ. ಆಮೇಲೆ ಅವಳೇನಾದಳು? ಆ ಇಬ್ಬರು ಗೆಳೆಯರು ಮತ್ತೆ ಕೂಡಿದರೇ? ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡಿದ ಆ ಕಿರಿಯ ಪಾತ್ರಕ್ಕೆ ಹೇಳಿಕೊಳ್ಳಲು ತನ್ನದೊಂದು ಮಾತೂ ಇರಲಿಲ್ಲವೇ? ಹೀಗೆ ಕೇಳಿಕೊಳ್ಳುತ್ತ ಕೆಲವರು ತಾವೇ ಲೇಖನಿ ಹಿಡಿಯುತ್ತಾರೆ. ತಮಗೆ ಒಲಿದ ಕಥೆಯ ಲೋಕದಲ್ಲಿ ತಮ್ಮದೊಂದು ಕಥೆಯನ್ನು ಕಟ್ಟುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಫ್ಯಾನ್ ಫಿಕ್ಷನ್’ ಎಂದು ಹೆಸರು. ಅಭಿಮಾನಿಯ ಕಥೆ ಎಂದು ನಾವು ಕರೆಯಬಹುದು.

ಇಂದಿನ ಎಳೆಯರಲ್ಲಿ ಈ ಬಗೆಯ ಬರೆಹದ ಹವ್ಯಾಸ ಬಹಳವಾಗಿದೆ. ಹಿರಿಯರಲ್ಲಿಯೂ ಇಲ್ಲದಿಲ್ಲ. ಬರೆಯುವವರೆಗೆ ಅವರಿಗೆ ತೊಡಕಿಲ್ಲ. ತೊಡಕು ಇರುವುದು ಆ ಬಳಿಕ. ಬರೆದ ಕಥೆ ಗೂಡಿನೊಳಗಿನ ನೋಟುಪುಸ್ತಕದಲ್ಲಿ ಉಳಿಯುತ್ತದೆ. ಮನೆಯವರು ಕಂಡಾರೆಂದು ಅದರ ಮೇಲೆ ಮತ್ತೆರಡು ಪುಸ್ತಕಗಳನ್ನಿಟ್ಟು ಮುಚ್ಚುತ್ತಾರೆ. ಬೇರೆಯವರಿಗೆ ತೋರಿಸಬೇಕೆಂಬ ಆಸೆ ಒಂದು ಕಡೆ, ತೋರಿಸಲಾರೆನೆಂಬ ಅಳುಕು ಇನ್ನೊಂದು ಕಡೆ. ಈ ಅಳುಕು ಎಲ್ಲಿಂದ ಬರುತ್ತದೆ? ಅದನ್ನು ಗೆಲ್ಲುವುದು ಯೋಗ್ಯವೇ? ಯೋಗ್ಯವಾದರೆ ಗೆಲ್ಲುವ ಬಗೆ ಯಾವುದು? ಇದು ಕೇವಲ ಸಾಹಿತ್ಯದ ಪ್ರಶ್ನೆಯೆಂದು ತೋರಬಹುದು. ಆದರೆ ಪರರಿಂದ ಪಡೆದುದನ್ನು ಹೇಗೆ ಬಳಸಬೇಕು, ಪಡೆದುದನ್ನು ಹೇಗೆ ಹಂಚಬೇಕು ಎಂಬ ಎರಡು ಹಳೆಯ ಪ್ರಶ್ನೆಗಳು ಇದರೊಳಗೆ ಅಡಗಿವೆ. ಆದುದರಿಂದ ಇದು ನೀತಿಯ ಪ್ರಶ್ನೆಯೂ ಹೌದು.

ಅಳುಕನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಎಳೆಗಳು ಕಾಣುತ್ತವೆ. ಪರರ ಪಾತ್ರಗಳನ್ನು ಮುಟ್ಟಲು ನನಗೇನು ಹಕ್ಕು ಎಂಬುದು ಮೊದಲನೆಯದು. ನನ್ನ ಬರೆಹಕ್ಕೆ ನಾಲ್ವರ ಮುಂದೆ ನಿಲ್ಲುವ ಯೋಗ್ಯತೆಯಿದೆಯೇ ಎಂಬುದು ಎರಡನೆಯದು. ನಕ್ಕಾರು, ಹಳಿದಾರು ಎಂಬ ಲೋಕದ ಭಯ ಮೂರನೆಯದು. ಮೂರೂ ಹೆಣೆದುಕೊಂಡಿರುವಾಗ ಇಡೀ ಹಗ್ಗ ಬಲವಾದುದೆಂದು ತೋರುತ್ತದೆ. ಒಂದೊಂದನ್ನೇ ಬಿಡಿಸಿದರೆ ಅದರ ಬಲವೆಷ್ಟೆಂದು ತಿಳಿಯುತ್ತದೆ.

ಮೊದಲು ಹಕ್ಕಿನ ಮಾತು. ಕಳವಿನ ಲಕ್ಷಣವೇನು? ಪರರದನ್ನು ತೆಗೆದುಕೊಂಡುದರಿಂದ ಒಡೆಯನಿಗೆ ಕೊರತೆಯಾಗಬೇಕು. ಒಯ್ದವನು ಅದನ್ನು ತನ್ನದೆಂದು ಹೇಳಿಕೊಳ್ಳಬೇಕು, ಇಲ್ಲವೇ ಬಚ್ಚಿಡಬೇಕು. ದೀಪದಿಂದ ದೀಪ ಹೊತ್ತಿಸಿಕೊಂಡವನನ್ನು ಯಾರೂ ಕಳ್ಳನೆನ್ನರು. ಆದರೆ ಎಣ್ಣೆಯನ್ನೇ ಬಸಿದುಕೊಂಡು ಹೋದವನನ್ನು ಹಾಗೆ ಬಿಡಲಾಗದು. ಅಭಿಮಾನಿಯ ಕಥೆ ಈ ಎರಡರಲ್ಲಿ ಯಾವುದೂ ಆಗಬಹುದು. ಅದನ್ನು ನಿರ್ಣಯಿಸುವುದು ಬರೆದವನ ನಡತೆ.

ಸರ್ ಆರ್ಥರ್ ಕಾನನ್ ಡಾಯ್ಲ್ ೧೮೯೩ರಲ್ಲಿ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸನನ್ನು ಜಲಪಾತದಲ್ಲಿ ಬೀಳಿಸಿ ಕಥೆಯನ್ನು ಮುಗಿಸಿದ. ಓದುಗರು ಅದನ್ನು ಒಪ್ಪಲಿಲ್ಲ. ಅವರ ಒತ್ತಾಯಕ್ಕೆ ಮಣಿದು ೧೯೦೩ರಲ್ಲಿ ಹೋಮ್ಸನನ್ನು ಮತ್ತೆ ಬದುಕಿಸಬೇಕಾಯಿತು. ಈ ನಡುವೆಯೇ ಇತರರು ಹೋಮ್ಸನನ್ನು ಕುರಿತು ತಮ್ಮ ಕಥೆಗಳನ್ನು ಬರೆಯತೊಡಗಿದ್ದರು. ‘ಪೀಟರ್ ಪ್ಯಾನ್’ ಬರೆದ ಜೆ. ಎಂ. ಬ್ಯಾರಿ ಗೆಳೆಯ ಡಾಯ್ಲನಿಗೆ ಒಂದು ವಿನೋದದ ಹೋಮ್ಸ್ ಕಥೆಯನ್ನು ಬರೆದು ಕಳುಹಿಸಿದ. ಡಾಯ್ಲ್ ಮುನಿಯಲಿಲ್ಲ, ೧೯೨೪ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಅದನ್ನು ಪೂರ್ತಿಯಾಗಿ ಅಚ್ಚು ಹಾಕಿಸಿ ಮೆಚ್ಚುಗೆ ಸೂಚಿಸಿದ. ಹೋಮ್ಸನನ್ನು ರಂಗಕ್ಕೆ ತಂದ ಅಮೆರಿಕದ ನಟ ವಿಲಿಯಂ ಜಿಲೆಟ್, ನಾಟಕದಲ್ಲಿ ಅವನಿಗೆ ಮದುವೆ ಮಾಡಿಸಬಹುದೇ ಎಂದು ಕೇಳಿದಾಗಲೂ ಡಾಯ್ಲ್ ಧಾರಾಳವಾಗಿ ಒಪ್ಪಿಗೆ ಕೊಟ್ಟ. ಇಲ್ಲಿ ಬ್ಯಾರಿಯೂ ಜಿಲೆಟ್ಟನೂ ಏನನ್ನೂ ಬಚ್ಚಿಡಲಿಲ್ಲವೆಂಬುದನ್ನು ಗಮನಿಸಬೇಕು. ಪಾತ್ರ ಯಾರದೆಂಬುದು ಎಲ್ಲರಿಗೂ ತಿಳಿದಿತ್ತು. ಇವರು ಅದನ್ನು ಮೊದಲೇ ಒಪ್ಪಿಕೊಂಡಿದ್ದರು.

ಇದೇ ಪ್ರಾಮಾಣಿಕತೆಯ ಒಂದು ಉನ್ನತ ನಿದರ್ಶನ ನಮ್ಮ ನಾಡಿನಲ್ಲಿದೆ. ಶೂನ್ಯಸಂಪಾದನೆಯನ್ನು ವಿನೋದದ ಕಥೆಗಳೊಡನೆ ಒಂದೇ ಸಾಲಿನಲ್ಲಿಡುವುದು ನಮ್ಮ ಉದ್ದೇಶವಲ್ಲ. ಅದರ ಗುರಿ ಬೇರೆ, ನೆಲೆ ಬೇರೆ. ಆದರೂ ಹಿಂದಿನವರ ಮಾತನ್ನು ಇಂದಿನವನು ಯಾವ ಅಧಿಕಾರದಿಂದ ಜೋಡಿಸಬಹುದು ಎಂಬ ಪ್ರಶ್ನೆ ಅಲ್ಲಿಯೂ ಇತ್ತು. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂವಾದರೂಪದಲ್ಲಿ ಪೋಣಿಸಿದರು. ಪ್ರಶ್ನೆಗೆ ಉತ್ತರವನ್ನು ಹೊಂದಿಸಿ, ನಡುವೆ ತಮ್ಮ ಗದ್ಯದ ಎಳೆಯನ್ನು ನೇಯ್ದು, ಅನುಭವಮಂಟಪದ ಚಿತ್ರವನ್ನು ಕಣ್ಣಮುಂದೆ ನಿಲ್ಲಿಸಿದರು. ಅವರ ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನೇ ಮತ್ತೆ ತಮ್ಮ ತಮ್ಮ ಬಗೆಯಲ್ಲಿ ಪರಿಷ್ಕರಿಸಿದರು. ನಾಲ್ಕು ಕೃತಿಗಳು, ನಾಲ್ಕು ಕೈಗಳು. ಇವರಾರೂ ವಚನದ ಕೊನೆಯ ಅಂಕಿತವನ್ನು ಅಳಿಸಿ ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. ಯಾರ ನುಡಿಯೋ ಅವರ ಅಂಕಿತ ಅಲ್ಲಿಯೇ ಉಳಿಯಿತು. ಇದಕ್ಕೆ ತದ್ವಿರುದ್ಧವಾಗಿ, ತಾನು ಬರೆದುದಕ್ಕೆ ಹಿರಿಯರ ಅಂಕಿತವನ್ನು ಅಂಟಿಸಿ ಹರಿಯಬಿಟ್ಟವರೂ ಇದ್ದರು. ಅಂತಹ ಪ್ರಕ್ಷಿಪ್ತಗಳನ್ನು ಬೇರ್ಪಡಿಸಲು ವಿದ್ವಾಂಸರು ಪಡಬೇಕಾಗಿ ಬಂದ ಶ್ರಮ ಅಷ್ಟಿಷ್ಟಲ್ಲ. ಒಬ್ಬರು ಋಣವನ್ನು ಹೇಳಿ ಬರೆದರು. ಇನ್ನೊಬ್ಬರು ಮರೆಮಾಚಿ ಬರೆದರು. ನೀತಿಯ ಗೆರೆ ಇರುವುದು ಇಲ್ಲಿ.

ಆದುದರಿಂದ ಹಕ್ಕಿನ ಅಳುಕಿಗೆ ಮೊದಲ ಔಷಧ ಒಂದೇ ಸಾಲಿನದು. ಬರೆಹದ ತಲೆಯಲ್ಲಿಯೇ ‘ಈ ಲೋಕ, ಈ ಪಾತ್ರಗಳು ಇಂಥವರವು, ಈ ಪ್ರಸಂಗ ಮಾತ್ರ ನನ್ನದು’ ಎಂದು ಬರೆದುಬಿಡಬೇಕು. ಋಣವನ್ನು ಒಪ್ಪಿಕೊಂಡವನಿಗೆ ಸಿಕ್ಕಿಬೀಳುವ ಭಯವಿಲ್ಲ, ಬಚ್ಚಿಟ್ಟುದು ಅಲ್ಲಿ ಏನೂ ಇಲ್ಲವಾದುದರಿಂದ. ಆದರೆ ಈ ಸಾಲು ಎಲ್ಲ ಬಾಗಿಲುಗಳನ್ನೂ ತೆರೆಯುವ ಬೀಗದಕೈಯಲ್ಲ. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕನ ಜೀವಿತಕಾಲದಲ್ಲಿಯೂ ಅವನು ತೀರಿಕೊಂಡ ಬಳಿಕ ೬೦ ವರ್ಷಗಳವರೆಗೂ ಕೃತಿಯ ಹಕ್ಕು ಉಳಿದಿರುತ್ತದೆ. ಅದನ್ನು ಆಧರಿಸಿ ರೂಪಾಂತರಿಸುವ ಹಕ್ಕೂ ಅದರಲ್ಲಿ ಸೇರಿದೆ. ಡಾಯ್ಲ್ ತೀರಿಕೊಂಡುದು ೧೯೩೦ರಲ್ಲಿ. ಆದುದರಿಂದ ಇಲ್ಲಿ ಅವನ ಹೋಮ್ಸ್ ಈಗ ಎಲ್ಲರ ಸೊತ್ತು. ಇತ್ತೀಚಿನ ಲೇಖಕರ ಕೃತಿಗಳು ಹಾಗಲ್ಲ. ಅಭಿಮಾನಿಗಳ ಕಥೆಗಳನ್ನು ಕಂಡು ಸಂತೋಷಪಡುವ ಲೇಖಕರಿದ್ದಾರೆ, ಬೇಡವೆಂದವರೂ ಇದ್ದಾರೆ. ಬೇಡವೆಂದವರ ಮಾತನ್ನು ಗೌರವಿಸುವುದು, ಹಕ್ಕು ಉಳಿದಿರುವ ಕೃತಿಯ ಮೇಲೆ ಬರೆದುದನ್ನು ಅನುಮತಿಯಿಲ್ಲದೆ ಹಣಕ್ಕೆ ಮಾರದಿರುವುದು ಕಾನೂನಿನ ಮಾತೂ ಹೌದು, ಸೌಜನ್ಯದ ಮಾತೂ ಹೌದು.

ಇನ್ನು ಯೋಗ್ಯತೆಯ ಎಳೆ. ಹಕ್ಕಿನ ಅಳುಕಿಗೆ ಹೊರಗಿನಿಂದ ಉತ್ತರ ದೊರೆಯಬಹುದು. ಇದಕ್ಕೆ ಒಳಗಿನಿಂದಲೇ ದೊರೆಯಬೇಕು. ಇದನ್ನು ತಿಳಿಯಲು ಇಂಗ್ಲೆಂಡಿನ ಒಂದು ಕುಟುಂಬದ ಚರಿತ್ರೆ ತುಂಬ ನೆರವಾಗುತ್ತದೆ. ಯಾರ್ಕ್‌ಷೈರಿನ ಹಾವರ್ತ್ ಎಂಬ ಗ್ರಾಮದ ಚರ್ಚಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ. ಅವನ ಪತ್ನಿ ೧೮೨೧ರಲ್ಲಿ ತೀರಿಕೊಂಡಳು. ಹಿರಿಯ ಹೆಣ್ಣುಮಕ್ಕಳಿಬ್ಬರು ೧೮೨೫ರಲ್ಲಿ ತೀರಿಕೊಂಡರು. ಉಳಿದವರು ಶಾರ್ಲಟ್, ಬ್ರಾನ್ವೆಲ್, ಎಮಿಲಿ, ಆ್ಯನ್ ಎಂಬ ನಾಲ್ವರು. ೧೮೨೬ರ ಜೂನ್ ತಿಂಗಳಲ್ಲಿ ತಂದೆ ಮಗನಿಗಾಗಿ ಹನ್ನೆರಡು ಮರದ ಸೈನಿಕರ ಒಂದು ಪೆಟ್ಟಿಗೆಯನ್ನು ತಂದುಕೊಟ್ಟ. ಮಕ್ಕಳು ಒಬ್ಬೊಬ್ಬರು ಒಂದೊಂದು ಗೊಂಬೆಯನ್ನು ಆರಿಸಿಕೊಂಡರು. ಹತ್ತು ವರ್ಷದ ಶಾರ್ಲಟ್ ತನ್ನದಕ್ಕೆ ವೆಲಿಂಗ್ಟನ್ನಿನ ಡ್ಯೂಕ್ ಎಂದು ಹೆಸರಿಟ್ಟಳು. ೧೭೯೯ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಈ ಡ್ಯೂಕ್. ನೆಪೋಲಿಯನ್ನನನ್ನು ಸೋಲಿಸಿದ ಅವನು ಆ ಬಾಲೆಯ ಕಣ್ಣಿಗೆ ಮಹಾವೀರ. ಬ್ರಾನ್ವೆಲ್ ತನ್ನ ಗೊಂಬೆಗೆ ಬೊನಾಪಾರ್ಟೆ ಎಂದೇ ಹೆಸರಿಟ್ಟ.

ಈ ಗೊಂಬೆಗಳಿಂದ ಕಥೆಗಳು ಹುಟ್ಟಿದವು. ತಾವು ಓದುತ್ತಿದ್ದ ‘ಬ್ಲ್ಯಾಕ್‌ವುಡ್ಸ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯನ್ನು ಅನುಕರಿಸಿ ಮಕ್ಕಳು ಬೆಂಕಿಪೆಟ್ಟಿಗೆಯಷ್ಟೇ ಗಾತ್ರದ ಪುಟ್ಟ ಪತ್ರಿಕೆಗಳನ್ನು ತಯಾರಿಸಿದರು. ಅಕ್ಷರಗಳು ಅಚ್ಚಿನಕ್ಷರದಂತೆ, ಹಿರಿಯರ ಕಣ್ಣಿಗೆ ಓದಲು ಬಾರದಷ್ಟು ಸಣ್ಣವು. ಗೊಂಬೆಗಳ ಅಳತೆಗೆ ತಕ್ಕ ಪುಸ್ತಕ. ಒಂದು ಅರ್ಥದಲ್ಲಿ ಹಿರಿಯರಿಂದ ಮರೆಮಾಡುವ ಉಪಾಯವೂ ಹೌದು. ಡ್ಯೂಕನಿಂದ ಅವನ ಮಕ್ಕಳಿಗೆ, ಅವರಿಂದ ಕಲ್ಪಿತ ರಾಜ್ಯಗಳಿಗೆ ಕಥೆ ಬೆಳೆಯಿತು. ಶಾರ್ಲಟ್ ಮತ್ತು ಬ್ರಾನ್ವೆಲ್ ಆಂಗ್ರಿಯಾ ಎಂಬ ರಾಜ್ಯವನ್ನು ಕಟ್ಟಿದರು. ಎಮಿಲಿ ಮತ್ತು ಆ್ಯನ್ ಗೊಂಡಲ್ ಎಂಬ ದ್ವೀಪವನ್ನು ಕಟ್ಟಿದರು. ಮೆಚ್ಚಿದ ವೀರನ ಮೇಲೆ, ಮೆಚ್ಚಿದ ಪತ್ರಿಕೆಯ ಮಾದರಿಯಲ್ಲಿ ಬರೆಯುತ್ತ ಬರೆಯುತ್ತ ಅವರ ಕೈ ತಿರುಗಿತು. ಮುಂದೆ ವಿಶ್ವವಿಖ್ಯಾತರಾದ ಲೇಖಕಿಯರ ಗರಡಿಮನೆ ಈ ಅಭಿಮಾನದ ಆಟವೇ ಆಗಿತ್ತು.

ಆದರೆ ಹೊರಗೆ ತೋರಿಸುವ ಧೈರ್ಯ ಸುಲಭವಾಗಿ ಬರಲಿಲ್ಲ. ೧೮೩೬ರ ಡಿಸೆಂಬರಿನಲ್ಲಿ ಇಪ್ಪತ್ತು ವರ್ಷದ ಶಾರ್ಲಟ್ ತನ್ನ ಕವನಗಳನ್ನು ಆಸ್ಥಾನಕವಿ ರಾಬರ್ಟ್ ಸದಿಗೆ ಕಳುಹಿಸಿ ಅಭಿಪ್ರಾಯ ಕೇಳಿದಳು. ಮೂರು ತಿಂಗಳ ಬಳಿಕ ಉತ್ತರ ಬಂದಿತು. ಅವಳಲ್ಲಿ ಶಕ್ತಿಯಿದೆಯೆಂದು ಒಪ್ಪಿಕೊಂಡರೂ, ಸಾಹಿತ್ಯವು ಹೆಣ್ಣಿನ ಬದುಕಿನ ಉದ್ಯೋಗವಾಗಲಾರದು, ಆಗಕೂಡದು ಎಂದು ಅವನು ಬುದ್ಧಿ ಹೇಳಿದ್ದ. ದೇಶದ ಅಗ್ರಗಣ್ಯ ಕವಿಯಿಂದ ಬಂದ ಮಾತು! ಅವಳು ವಿನಯದಿಂದ ಕೃತಜ್ಞತೆಯ ಪತ್ರ ಬರೆದಳು. ಆದರೆ ಬರೆಯುವುದನ್ನು ಬಿಡಲಿಲ್ಲ.

ಎಮಿಲಿಯ ರೀತಿ ಇನ್ನೂ ಬೇರೆ. ೧೮೪೫ರ ಶರತ್ಕಾಲದಲ್ಲಿ ಅವಳ ಕವನಗಳ ಹಸ್ತಪ್ರತಿ ಅಕಸ್ಮಾತ್ತಾಗಿ ಅಕ್ಕನ ಕಣ್ಣಿಗೆ ಬಿದ್ದಿತು. ಓದಿದ ಶಾರ್ಲಟ್ ಬೆರಗಾದಳು. ಎಮಿಲಿ ಮಾತ್ರ ತನ್ನ ಅಂತರಂಗದ ಬಾಗಿಲನ್ನು ಹೇಳದೆ ಕೇಳದೆ ತೆರೆದರೆಂದು ಕೋಪಗೊಂಡಳು. ಅವಳನ್ನು ಸಮಾಧಾನಪಡಿಸಲು ಗಂಟೆಗಳು ಬೇಕಾದವು. ಪ್ರಕಟಿಸಲು ಒಪ್ಪಿಸಲು ದಿನಗಳೇ ಬೇಕಾದವು. ಇದನ್ನು ನೋಡುತ್ತಿದ್ದ ಕಿರಿಯವಳಾದ ಆ್ಯನ್ ಸದ್ದಿಲ್ಲದೆ ತನ್ನ ಕವನಗಳನ್ನೂ ತಂದು ಮುಂದಿಟ್ಟಳು. ಮೂವರೂ ಕಲ್ಪಿತನಾಮಗಳನ್ನಿಟ್ಟುಕೊಂಡು, ತಮ್ಮ ಕೈಯಿಂದಲೇ ಖರ್ಚು ಮಾಡಿ ೧೮೪೬ರಲ್ಲಿ ಕವನಸಂಗ್ರಹವನ್ನು ಹೊರತಂದರು. ಗೊಂಡಲ್ ದ್ವೀಪಕ್ಕೆ ಸೇರಿದ ಕವನಗಳಲ್ಲಿ ಆ ಲೋಕದ ಹೆಸರುಗಳನ್ನು ತೆಗೆದುಹಾಕಿದ್ದರು. ಮೊದಲ ವರ್ಷದಲ್ಲಿ ಮಾರಾಟವಾದ ಪ್ರತಿಗಳು ಎರಡೇ ಎರಡು. ಮರುವರ್ಷ, ಅಂದರೆ ೧೮೪೭ರಲ್ಲಿ, ‘ಜೇನ್ ಏರ್’, ‘ವದರಿಂಗ್ ಹೈಟ್ಸ್’, ‘ಆ್ಯಗ್ನೆಸ್ ಗ್ರೇ’ ಎಂಬ ಮೂವರ ಮೂರು ಕಾದಂಬರಿಗಳು ಪ್ರಕಟವಾದವು.

ಈ ಚರಿತ್ರೆಯನ್ನು ‘ಧೈರ್ಯ ಮಾಡಿದರೆ ಕೀರ್ತಿ ದೊರೆಯುತ್ತದೆ’ ಎಂಬ ಪಾಠವಾಗಿ ಓದಬಾರದು. ಧೈರ್ಯ ಮಾಡಿದ ಎಲ್ಲರಿಗೂ ಕೀರ್ತಿ ದೊರೆಯುವುದಿಲ್ಲ. ಇಲ್ಲಿ ಗಮನಿಸಬೇಕಾದುದು ಬೇರೆ. ಎರಡು ಪ್ರತಿ ಮಾರಾಟವಾದ ಪುಸ್ತಕವನ್ನು ಹೊರತಂದಾಗ ತಮ್ಮ ಬರೆಹ ದೊಡ್ಡದೆಂಬ ಭರವಸೆಯನ್ನು ಲೋಕ ಅವರಿಗೆ ಕೊಟ್ಟಿರಲಿಲ್ಲ. ಬಲ್ಲವನೆನಿಸಿದವನು ಬೇಡವೆಂದಿದ್ದ. ಅವರಿಗೆ ಇದ್ದುದು ಒಬ್ಬರಿಗೊಬ್ಬರ ಕಿವಿ ಮಾತ್ರ. ಸಂಜೆಯ ಹೊತ್ತು ಊಟದ ಮೇಜಿನ ಸುತ್ತ ತಿರುಗಾಡುತ್ತ ಅಕ್ಕತಂಗಿಯರು ಬರೆದುದನ್ನು ಓದಿಕೊಳ್ಳುತ್ತಿದ್ದರು. ಹಾಗಾದರೆ ಮೊದಲು ಯೋಗ್ಯತೆಯ ನಿಶ್ಚಯ, ಆಮೇಲೆ ಹಂಚಿಕೆ ಎಂಬ ಕ್ರಮವೇ ತಲೆಕೆಳಗಾದುದು. ಹಂಚದೆ ಯೋಗ್ಯತೆ ತಿಳಿಯದು, ತಿಳಿದರೂ ಬೆಳೆಯದು. ಈಜು ಕಲಿತ ಮೇಲೆಯೇ ನೀರಿಗಿಳಿಯುತ್ತೇನೆ ಎಂಬವನು ದಡದಲ್ಲಿಯೇ ಮುಪ್ಪಾಗುತ್ತಾನೆ.

ಇಲ್ಲಿ ಸ್ವಲ್ಪ ಒಳಗಣ್ಣಿನಿಂದ ನೋಡಬೇಕು. ‘ನನ್ನದು ಕೀಳು, ತೋರಿಸಲಾರೆ’ ಎಂಬುದು ವಿನಯವೆಂದು ತೋರುತ್ತದೆ. ಅನೇಕ ವೇಳೆ ಅದು ವಿನಯದ ವೇಷ ಹಾಕಿದ ಅಹಂಕಾರ. ತಪ್ಪಿಲ್ಲದುದನ್ನೇ ಕೊಡಬೇಕು, ಕೊಟ್ಟೊಡನೆ ಎಲ್ಲರೂ ತಲೆದೂಗಬೇಕು ಎಂಬ ಬಯಕೆ ಅದರ ಬೇರಿನಲ್ಲಿರುತ್ತದೆ. ನನ್ನ ಬರೆಹವೇ ಶ್ರೇಷ್ಠವೆಂದು ಬೀಗುವವನೂ ನನ್ನ ಬರೆಹ ಕನಿಷ್ಠವೆಂದು ಕುಗ್ಗುವವನೂ ನೋಡುತ್ತಿರುವುದು ಒಂದೇ ಕನ್ನಡಿಯನ್ನು. ಇಬ್ಬರ ದೃಷ್ಟಿಯೂ ‘ನಾನು’ ಎಂಬುದರ ಮೇಲೆ ನೆಟ್ಟಿದೆ; ಕಥೆಯ ಮೇಲೂ ಇಲ್ಲ, ಕೇಳುವವರ ಮೇಲೂ ಇಲ್ಲ. ನಿಜವಾದ ವಿನಯ ಕನ್ನಡಿಯಿಂದ ಕಣ್ಣು ತೆಗೆಯುತ್ತದೆ. ಅದು ‘ನನಗೆ ಇದರಿಂದ ಸಂತೋಷವಾಯಿತು, ನಿಮಗೂ ಆದೀತೇ ನೋಡಿ’ ಎನ್ನುತ್ತದೆ. ಅಷ್ಟೇ.

ದಾಸೋಹದ ತತ್ತ್ವವನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ದಾನ ಮಾಡುವವನಿಗೆ ‘ನಾನು ಕೊಟ್ಟೆ’ ಎಂಬ ಭಾವವಿರುತ್ತದೆ. ದಾಸೋಹಿಗೆ ‘ನನ್ನದಲ್ಲದುದನ್ನು, ನನಗೆ ಬಂದುದನ್ನು, ಬಡಿಸಿದೆ’ ಎಂಬ ಭಾವ. ಪಂಕ್ತಿಯಲ್ಲಿ ಬಡಿಸುವವನು ತನ್ನ ಕೈಯ ಅಂದಚಂದವನ್ನು ಕುರಿತು ನಾಚುತ್ತ ನಿಲ್ಲುವುದಿಲ್ಲ. ಎಲೆಯ ಮುಂದೆ ಕುಳಿತವರ ಹಸಿವು ಅವನ ಗಮನದಲ್ಲಿರುತ್ತದೆ. ಅಭಿಮಾನಿಯ ಕಥೆಗೆ ಈ ಭಾವ ವಿಶೇಷವಾಗಿ ಹೊಂದುತ್ತದೆ. ಏಕೆಂದರೆ ಆ ಬರೆಹ ಹುಟ್ಟಿದ್ದೇ ಪಡೆದುದರಿಂದ. ಒಬ್ಬ ಕಥೆಗಾರನಿಂದ ಸಂತೋಷವನ್ನು ಪಡೆದೆವು. ಅದಕ್ಕೆ ನಮ್ಮ ಒಂದು ಹಿಡಿಯನ್ನು ಸೇರಿಸಿ, ಅದೇ ಕಥೆಯನ್ನು ಪ್ರೀತಿಸುವ ಇತರರಿಗೆ ಬಡಿಸಿದೆವು. ಹೀಗೆ ಭಾವಿಸಿದಾಗ ಆತ್ಮವಿಶ್ವಾಸವನ್ನು ಎಲ್ಲಿಂದಲೋ ತರಬೇಕಾಗಿಲ್ಲ. ಅಳುಕಿಗೆ ನಿಲ್ಲಲು ನೆಲವೇ ಇಲ್ಲವಾಗುತ್ತದೆ.

ಮೂರನೆಯ ಎಳೆ ಲೋಕದ ಭಯ. ಇದು ಪೂರ್ತಿ ಹುಸಿಯೆಂದು ಹೇಳಲಾಗದು. ನಗುವವರು ನಗುತ್ತಾರೆ, ಪರರ ಕಥೆಗೆ ಬಾಲಂಗೋಚಿ ಕಟ್ಟುವವನೆಂದು ಹಳಿಯುತ್ತಾರೆ. ಒಮ್ಮೊಮ್ಮೆ ಪೆಟ್ಟು ಆತ್ಮೀಯರಿಂದಲೇ ಬರುತ್ತದೆ. ರಾಘವಾಂಕನ ವಿಷಯದಲ್ಲಿ ಪ್ರಚಲಿತವಾಗಿರುವ ಐತಿಹ್ಯವನ್ನು ಓದುಗರು ಬಲ್ಲರು. ಅವನು ಹೇಳಿದ ಹರಿಶ್ಚಂದ್ರನ ಕಥೆ ಅವನು ಹುಟ್ಟಿಸಿದುದಲ್ಲ. ಪುರಾಣಗಳಲ್ಲಿ ಬಂದುದನ್ನೇ ತನ್ನ ಷಟ್ಪದಿಯಲ್ಲಿ ಹೊಸದಾಗಿ ಕಟ್ಟಿದ. ಸೋದರಮಾವನೂ ಗುರುವೂ ಆದ ಹರಿಹರ, ಶರಣರನ್ನು ಬಿಟ್ಟು ಒಬ್ಬ ಅರಸನನ್ನು ಹಾಡಿದನಲ್ಲಾ ಎಂದು ಕೆರಳಿ ಪಾದರಕ್ಷೆಯಿಂದ ಹೊಡೆದನೆಂದೂ, ಹಲ್ಲುಗಳು ಉದುರಿದುವೆಂದೂ, ಆಮೇಲೆ ರಾಘವಾಂಕ ಶರಣರ ಚರಿತೆಗಳನ್ನು ಬರೆದಂತೆ ಅವು ಮರಳಿ ಬಂದುವೆಂದೂ ಐತಿಹ್ಯ ಹೇಳುತ್ತದೆ. ಇದು ನಡೆದ ಸಂಗತಿಯೋ ಅಲ್ಲವೋ, ನಮ್ಮ ಪ್ರಶ್ನೆಗೆ ಅದರಲ್ಲಿ ಅರ್ಥವಿದೆ. ಆ ಶಿಷ್ಯ ಗುರುವನ್ನು ದ್ವೇಷಿಸಲಿಲ್ಲ, ಹಾಡುವುದನ್ನು ನಿಲ್ಲಿಸಲಿಲ್ಲ, ಬರೆದ ಕಾವ್ಯವನ್ನು ಸುಟ್ಟುಹಾಕಲೂ ಇಲ್ಲ. ಸಿದ್ಧರಾಮಚಾರಿತ್ರವೂ ನಮಗೆ ಉಳಿದಿದೆ, ಹರಿಶ್ಚಂದ್ರಕಾವ್ಯವೂ ಉಳಿದಿದೆ. ಟೀಕೆಯಿಂದ ಕಲಿಯುವುದು ಒಂದು, ಟೀಕೆಗೆ ಹೆದರಿ ಮೂಕನಾಗುವುದು ಇನ್ನೊಂದು.

ಬಾಲಂಗೋಚಿ ಎಂಬ ಆಕ್ಷೇಪಕ್ಕೂ ಉತ್ತರವುಂಟು. ಒಂದು ಮಹಾಕೃತಿಯಲ್ಲಿಯೂ ನ್ಯಾಯ ದೊರೆಯದ ಪಾತ್ರವಿರಬಹುದು. ಮೇಲೆ ಹೇಳಿದ ಶಾರ್ಲಟ್ ಬ್ರಾಂಟೆಯ ‘ಜೇನ್ ಏರ್’ ಕಾದಂಬರಿಯಲ್ಲಿ ನಾಯಕನ ಮೊದಲ ಹೆಂಡತಿ ಜಮೈಕಾದಿಂದ ಬಂದವಳು. ಹುಚ್ಚಿಯೆಂದು ಅಟ್ಟದ ಮೇಲೆ ಕೂಡಿಹಾಕಲ್ಪಟ್ಟವಳು. ಅವಳಿಗೆ ಅಲ್ಲಿ ತನ್ನದೆಂಬ ಮಾತೇ ಇಲ್ಲ. ವೆಸ್ಟ್ ಇಂಡೀಸಿನ ಡೊಮಿನಿಕಾ ದ್ವೀಪದಲ್ಲಿ ೧೮೯೦ರಲ್ಲಿ ಹುಟ್ಟಿದ ಜೀನ್ ರೀಸ್ ಎಂಬ ಲೇಖಕಿಗೆ ಈ ಮೌನ ಸಹಿಸದಾಯಿತು. ಆ ಹೆಣ್ಣು ಹುಚ್ಚಿಯಾಗುವ ಮುನ್ನ ಯಾರಾಗಿದ್ದಳು, ಅವಳನ್ನು ಅಲ್ಲಿಗೆ ತಂದವರು ಯಾರು ಎಂಬುದನ್ನು ಕುರಿತು ಅವಳು ‘ವೈಡ್ ಸರ್ಗಾಸೋ ಸೀ’ ಎಂಬ ಕಾದಂಬರಿ ಬರೆದಳು. ಅದಕ್ಕೆ ಹಿಂದಿನ ಅವಳ ಕಾದಂಬರಿ ಪ್ರಕಟವಾದುದು ೧೯೩೯ರಲ್ಲಿ. ಇದು ಹೊರಬಂದುದು ೧೯೬೬ರಲ್ಲಿ. ಆಗ ಅವಳಿಗೆ ೭೬ ವರ್ಷ. ಗೊಂಬೆಗೆ ಡ್ಯೂಕನ ಹೆಸರಿಟ್ಟು ಬರೆಯತೊಡಗಿದವಳ ಕಾದಂಬರಿಯ ಮೇಲೆಯೇ ನೂರು ವರ್ಷಗಳಾಚೆ ಇನ್ನೊಬ್ಬಳು ಬರೆದಳು. ಅದರಿಂದ ಮೊದಲ ಕೃತಿಯ ಮಾನ ಕಡಮೆಯಾಗಲಿಲ್ಲ. ಅದರಲ್ಲಿ ಮುಚ್ಚಿದ್ದ ಒಂದು ಕೋಣೆಗೆ ಬೆಳಕು ಬಿದ್ದಿತು. ಪರರ ಕಥೆಯ ಮೇಲೆ ಬರೆದುದೂ ಸತ್ಯವನ್ನು ಹೇಳಬಲ್ಲುದು.

ಇನ್ನು ಕಾರ್ಯದ ಮಾತಿಗೆ ಬರೋಣ. ಅಳುಕನ್ನು ಒಂದೇ ಜಿಗಿತಕ್ಕೆ ದಾಟಬೇಕಾಗಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಬಹುದು. ಮೊದಲು ಚಿಕ್ಕದೊಂದನ್ನು ಬರೆದು ಮುಗಿಸಬೇಕು. ಅರ್ಧಕ್ಕೆ ನಿಂತ ನೂರು ಪುಟಗಳಿಗಿಂತ ಮುಗಿದ ಐದು ಪುಟಗಳು ಮೇಲು. ಮುಗಿಸಿದುದನ್ನು ಕೆಲವು ದಿನ ಬದಿಗಿಟ್ಟು, ಮತ್ತೆ ತೆಗೆದು ಗಟ್ಟಿಯಾಗಿ ಓದಿಕೊಳ್ಳಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತಿದೆಯಷ್ಟೆ. ನಮ್ಮ ಕಣ್ಣು ಕ್ಷಮಿಸಿದ ದೋಷವನ್ನು ನಮ್ಮ ಕಿವಿ ಹಿಡಿಯುತ್ತದೆ. ಆಮೇಲೆ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಓದಲು ಕೊಡಬೇಕು. ಆ ಒಬ್ಬರು ಮೂಲ ಕಥೆಯನ್ನು ಪ್ರೀತಿಸುವವರಾಗಿರಬೇಕು. ಹೊಗಳಿಯೇ ತೀರುವವರೂ ತೆಗಳಿಯೇ ತೀರುವವರೂ ಆಗಿರಬಾರದು. ‘ಹೇಗಿದೆ?’ ಎಂದು ಕೇಳುವುದಕ್ಕಿಂತ ‘ಎಲ್ಲಿ ಮನಸ್ಸು ನಿಂತಿತು? ಎಲ್ಲಿ ಬೇಸರವಾಯಿತು? ಪಾತ್ರ ಎಲ್ಲಿ ತಾನಲ್ಲದಂತೆ ಮಾತಾಡಿತು?’ ಎಂದು ಕೇಳಿದರೆ ಉಪಯುಕ್ತವಾದ ಉತ್ತರ ಬರುತ್ತದೆ. ತಿದ್ದಿದ ಮೇಲೆ ಅದೇ ಕಥೆಯ ಅಭಿಮಾನಿಗಳ ಬಳಗದ ಮುಂದಿಡಬಹುದು. ಹೆಸರು ಹೇಳಲು ಸಂಕೋಚವಾದರೆ ಕಾವ್ಯನಾಮವಿದೆ. ಬ್ರಾಂಟೆ ಸೋದರಿಯರೂ ಹಾಗೆಯೇ ಮಾಡಿದರು. ಕೊಟ್ಟ ಬಳಿಕ ಪ್ರತಿಯೊಂದು ಮಾತಿಗೂ ಎದುರುತ್ತರ ಬರೆಯುತ್ತ ಕೂರದೆ ಮುಂದಿನ ಕಥೆಗೆ ಕೈಹಚ್ಚಬೇಕು. ಲೋಕದ ಮಾತಿಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಇಂತಹ ಬಳಗ ಇಂದು ಅಪರೂಪವಲ್ಲ. ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ದೂರದರ್ಶನ ಧಾರಾವಾಹಿ ೧೯೬೬ರಲ್ಲಿ ಆರಂಭವಾದ ಮರುವರ್ಷವೇ ಅದರ ಅಭಿಮಾನಿಗಳು ‘ಸ್ಪಾಕನೇಲಿಯಾ’ ಎಂಬ ತಮ್ಮದೇ ಪತ್ರಿಕೆಯನ್ನು ಹೊರತಂದು ಅದರಲ್ಲಿ ಕಥೆ ಕವನಗಳನ್ನು ಹಂಚಿಕೊಂಡರು. ೨೦೧೯ರಲ್ಲಿ ವಿಜ್ಞಾನಕಥಾ ಕ್ಷೇತ್ರದ ಪ್ರತಿಷ್ಠಿತ ಹ್ಯೂಗೋ ಪ್ರಶಸ್ತಿಗಳಲ್ಲಿ ಒಂದು, ಅಭಿಮಾನಿಗಳ ಕಥೆಗಳ ದೊಡ್ಡ ಭಂಡಾರವೊಂದಕ್ಕೆ ಸಂದಿತು. ಒಂಟಿಯಾಗಿ ಬರೆಯುತ್ತಿದ್ದೇನೆ ಎಂದು ನಾಚುವ ತರುಣನಿಗೆ ತನ್ನಂತಹವರು ಲಕ್ಷಗಟ್ಟಲೆ ಇದ್ದಾರೆಂಬುದು ತಿಳಿಯದಿರಬಹುದು.

ಇಷ್ಟೆಂದ ಮಾತ್ರಕ್ಕೆ ಬರೆದುದೆಲ್ಲವನ್ನೂ ಹಂಚಲೇಬೇಕೆಂದಲ್ಲ. ಗೊಂಡಲ್ ದ್ವೀಪದ ಗದ್ಯಕಥೆಗಳು ಇಂದು ಉಳಿದಿಲ್ಲ. ಆದರೂ ಬರೆದ ದಿನಗಳಲ್ಲಿ ಅವು ಆ ಇಬ್ಬರು ಸೋದರಿಯರಿಗೆ ಕೊಟ್ಟ ಸಂತೋಷ ಸುಳ್ಳಾಗಲಿಲ್ಲ. ತನಗಾಗಿ ಬರೆದು ತನ್ನಲ್ಲಿಯೇ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ತೃಪ್ತಿಯಿಂದ ಇಟ್ಟುಕೊಳ್ಳುವುದಕ್ಕೂ ಭಯದಿಂದ ಬಚ್ಚಿಡುವುದಕ್ಕೂ ವ್ಯತ್ಯಾಸವುಂಟು. ಯಾರಾದರೂ ಕೇಳಿದರೆ ಕೊಡಲು ಮನಸ್ಸು ಒಪ್ಪುತ್ತದೆಯೇ ಎಂದು ತನ್ನನ್ನೇ ಪರೀಕ್ಷಿಸಿಕೊಂಡರೆ ಯಾವುದೆಂದು ತಿಳಿಯುತ್ತದೆ. ಹಾಗೆಯೇ, ಧೈರ್ಯದ ಹೆಸರಿನಲ್ಲಿ ಕೊಡಬಾರದುದನ್ನು ಕೊಡಲೂ ಬಾರದು. ಬದುಕಿರುವವರ ಮಾನಕ್ಕೆ ಕುಂದು ತರುವುದು, ಮಕ್ಕಳ ವಿಷಯದಲ್ಲಿ ಹೊಲಸನ್ನು ಹೆಣೆಯುವುದು, ದ್ವೇಷವನ್ನು ಬಿತ್ತುವುದು, ಇವುಗಳಿಗೆ ಕಲ್ಪನೆಯೆಂಬ ಹೊದಿಕೆ ಸಾಲದು. ಅಲ್ಲಿ ಅಳುಕು ಹುಟ್ಟಿದರೆ ಅದು ಹೇಡಿತನವಲ್ಲ, ವಿವೇಕ.

ಕೊನೆಯದಾಗಿ ಕೇಳುವವರ ಹೊಣೆಯನ್ನು ಹೇಳಬೇಕು. ಈ ಪತ್ರಿಕೆಯನ್ನು ಓದುವವರಲ್ಲಿ ತಂದೆತಾಯಿಗಳಿದ್ದಾರೆ, ಉಪಾಧ್ಯಾಯರಿದ್ದಾರೆ, ಪ್ರಸಾದನಿಲಯಗಳಲ್ಲಿ ಕಲಿತು ದೂರದ ಊರುಗಳಲ್ಲಿ ನೆಲೆಸಿದವರಿದ್ದಾರೆ. ನಿಮ್ಮ ಮನೆಯ ಮಗುವೋ, ನಿಮ್ಮ ಶಿಷ್ಯನೋ ಸಂಕೋಚದಿಂದ ಒಂದು ನೋಟುಪುಸ್ತಕವನ್ನು ಮುಂದೆ ಹಿಡಿದಾಗ, ಅದರಲ್ಲಿರುವುದು ಯಾವುದೋ ಸಿನಿಮಾದ ನಾಯಕನ ಕಥೆಯೋ, ಪರದೇಶದ ಮಾಂತ್ರಿಕ ಬಾಲಕನ ಕಥೆಯೋ ಆಗಿರಬಹುದು. ‘ಇದೆಲ್ಲ ಏತಕ್ಕೆ, ಓದುವುದನ್ನು ಬಿಟ್ಟು?’ ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ. ಆ ಮಾತನ್ನು ತಡೆಯಿರಿ. ಬಚ್ಚಿಟ್ಟುದನ್ನು ಕೇಳದೆ ತೆಗೆದು ನೋಡಬೇಡಿ. ಕೊಟ್ಟುದನ್ನು ಮಾತ್ರ ಕೈಚಾಚಿ ತೆಗೆದುಕೊಳ್ಳಿ. ಪೂರ್ತಿ ಓದಿ. ಚೆನ್ನಾಗಿರುವ ಒಂದು ವಾಕ್ಯವನ್ನು ಗುರುತಿಸಿ, ಅದು ಏಕೆ ಚೆನ್ನಾಗಿದೆಯೆಂದು ಹೇಳಿ. ತಿದ್ದಬೇಕಾದುದನ್ನು ಆಮೇಲೆ ಹೇಳಿದರೆ ಸಾಕು. ಒಲಿದುದನ್ನು ಅನುಕರಿಸದೆ ಮಾತು ಕಲಿತ ಮಗುವಿಲ್ಲ. ಒಲಿದುದನ್ನು ಅನುಕರಿಸದೆ ಬರೆಯಲು ಕಲಿತವರೂ ವಿರಳ.

ಬರೆಯುವವರಿಗೆ ಹೇಳುವುದು ಇಷ್ಟೇ: ಪಡೆದವರ ಹೆಸರನ್ನು ಹೇಳಿ, ಸೇರಿಸಿದ ನಿಮ್ಮ ಹಿಡಿಯನ್ನು ಶುಚಿಯಾಗಿಡಿ, ‘ನಾನು’ ಎಂಬುದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನೀಡಿ. ಮೆಚ್ಚುಗೆ ಬಂದರೆ ಅದರಲ್ಲಿ ಮೂಲ ಕಥೆಗಾರನ ಪಾಲಿದೆಯೆಂದು ನೆನೆಯಿರಿ. ಟೀಕೆ ಬಂದರೆ ಅದರಲ್ಲಿ ಮುಂದಿನ ಕಥೆಯ ಬೀಜವಿದೆಯೇ ಎಂದು ಹುಡುಕಿ. ನೋಟುಪುಸ್ತಕ ಗೂಡಿನಲ್ಲಿದ್ದರೆ ಅದು ಕಾಪಾಡಲ್ಪಟ್ಟಿದೆಯೆಂದು ಅರ್ಥವಲ್ಲ. ಗೆದ್ದಲಿಗೂ ಓದಲು ಬರುತ್ತದೆ. ಅದಕ್ಕಿಂತ ಮೊದಲು ಒಬ್ಬ ಸಹೃದಯನ ಕಣ್ಣಿಗೆ ಅದು ಬೀಳಲಿ.